ಹಡಗಿನ ಜೊತೆ ಮುಳುಗಿದವನಿಗೆ ಊರಲ್ಲೊಂದು ಕಲ್ಲು ನಿಲ್ಲಿಸುವುದಾದರೆ

ಹುನಗುಂದ, ಬಾದಾಮಿ, ಸವದತ್ತಿ, ಇಂಡಿ ಕಡೆಯ ಹಳೆಯ ಊರುಗಳಲ್ಲಿ ಹಣಮಪ್ಪನ ಗುಡಿ ಮುಂದೆಯೋ ಅಗಸಿ ಬಾಗಿಲ ಪಕ್ಕದಲ್ಲೋ ವೀರಗಲ್ಲು ಕಣ್ಣಿಗೆ ಬೀಳುತ್ತದೆ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತವನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಅವನು ಲಿಂಗದ ಸನ್ನಿಧಿಯಲ್ಲಿರುವುದು. ಮೇಲಿನವೆರಡು ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. ಕೆಳಗಿನದು ಮಾತ್ರ ಅವನೊಬ್ಬನದು: ದನಗಳಿದ್ದರೆ ತುರುಗೋಳಿನಲ್ಲಿ, ಅಂದರೆ ದನ ಹಿಡಿಯುವ ಕಾಳಗದಲ್ಲಿ ಮಡಿದವನು, ಹುಲಿಯಿದ್ದರೆ ಹುಲಿಯ ಕೈಯಲ್ಲಿ ಸತ್ತವನು. ಮುಂಬಯಿಯ ಬೋರಿವಲಿ ಹತ್ತಿರ ಏಕ್ಸಾರದ ವೀರಗಲ್ಲುಗಳಲ್ಲಿ ಹಡಗುಗಳೇ ಇವೆ, ಹುಟ್ಟುಗಳ ಸಾಲಿನ ಸಮೇತ. ಅಕ್ಷರ ಬಾರದವನಿಗೂ ಅದು ಹಡಗಿನ ಕಾಳಗ ಎಂದು ತಿಳಿಯುತ್ತದೆ.

ಈಗ ನಿಲ್ಲಿಸುವ ಕಲ್ಲುಗಳಲ್ಲಿ ಕಾಣೆಯಾಗಿರುವುದು ಈ ಕೆಳಗಿನ ಪಟ್ಟಿಕೆ. ‘ವೀರಯೋಧ’, ‘ಅಮರ ರಹೇ’, ಮೇಲೆ ತಲೆಕೆಳಗಾದ ಬಂದೂಕು, ಅದರ ಮೇಲೊಂದು ಹೆಲ್ಮೆಟ್. ಭೂಸೇನೆಯವನಿಗೆ ಅದು ಸರಿ. ನೌಕಾಪಡೆಯವನ ಕಲ್ಲಿಗೂ ಅದೇ ಚಿತ್ರ ಬಂದು ಕೂರುತ್ತದೆ, ಏಕೆಂದರೆ ಗ್ರಾನೈಟ್ ಅಂಗಡಿಯ ಕಂಪ್ಯೂಟರಿನಲ್ಲಿ ಇರುವುದೇ ಅದು. ಯಾವ ಹಡಗು, ಯಾವ ಸಮುದ್ರ, ಯಾವ ದಿನ ಎಂಬುದು ಎಲ್ಲೂ ಇಲ್ಲ. ನೌಕಾಪಡೆಯವನಿಗೆ ಬಹಳ ಸಲ ಸಮಾಧಿಯೂ ಇರುವುದಿಲ್ಲ. ಹಾಗಾಗಿ ಈ ಕಲ್ಲಿನ ಮೇಲೆ ಏನಿದೆಯೋ ಅಷ್ಟೇ ಅವನ ಪಾಲಿಗೆ ಉಳಿಯುವುದು.

ಉದಾಹರಣೆಗೆ 1971ರ ಯುದ್ಧದ ಐಎನ್‌ಎಸ್ ಖುಕ್ರಿಯನ್ನೇ ತೆಗೆದುಕೊಳ್ಳೋಣ. ದಿಯು ಕರಾವಳಿಯಾಚೆ ಸುಳಿದಾಡುತ್ತಿದ್ದ ಪಾಕಿಸ್ತಾನದ ಜಲಾಂತರ್ಗಾಮಿಯನ್ನು ಬೇಟೆಯಾಡಲು ಖುಕ್ರಿ ಮತ್ತು ಕೃಪಾಣ್ ಎಂಬ ಎರಡು ಫ್ರಿಗೇಟ್‌ಗಳು ಹೋಗಿದ್ದವು. ನೀರೊಳಗಿನ ಸದ್ದು ಹಿಡಿಯುವ ಹೊಸ ಸೋನಾರ್ ಉಪಕರಣದ ಪ್ರಯೋಗ ನಡೆದಿದ್ದರಿಂದ ಖುಕ್ರಿಯ ವೇಗ ಕಡಿಮೆಯಿತ್ತು. ಹಡಗು ಜೋರಾಗಿ ಓಡಿದರೆ ಅದರ ಸದ್ದೇ ಸೋನಾರಿನ ಕಿವಿ ತುಂಬುತ್ತದೆ, ನಿಧಾನ ಹೋದರೆ ಟಾರ್ಪಿಡೊಗೆ ಗುರಿ ಸುಲಭ. ಡಿಸೆಂಬರ್ 9ರ ರಾತ್ರಿ ಎಂಟೂವರೆಯಿಂದ ಒಂಬತ್ತರ ನಡುವೆ ‘ಹಂಗೋರ್’ ಜಲಾಂತರ್ಗಾಮಿಯ ಟಾರ್ಪಿಡೊ ಬಡಿದು ಹಡಗು ಕೆಲವೇ ನಿಮಿಷಗಳಲ್ಲಿ ಮುಳುಗಿತು. ದಿಯುವಿನಿಂದ ಸುಮಾರು 40 ನಾಟಿಕಲ್ ಮೈಲು, ಅಂದರೆ 74 ಕಿಲೋಮೀಟರ್ ದೂರದಲ್ಲಿ. 18 ಅಧಿಕಾರಿಗಳು, 176 ನಾವಿಕರು, ಒಟ್ಟು 194 ಜನ ಮಡಿದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ, ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಇಂಥ ಹಡಗಿನಲ್ಲಿ ಬಾಯ್ಲರ್ ಕೋಣೆ, ಎಂಜಿನ್ ಕೋಣೆ, ಮಲಗುವ ಮೆಸ್ ಎಲ್ಲವೂ ಡೆಕ್ಕಿನ ಕೆಳಗೆ. ಮೇಲೆ ಬರಲು ನೆಟ್ಟಗಿನ ಕಬ್ಬಿಣದ ಏಣಿ, ಅದರ ತುದಿಗೆ ಒಬ್ಬನೇ ತೂರುವಷ್ಟು ಬಾಯಿ. ದೀಪ ಹೋಗಿ ಹಡಗು ವಾಲಿತೆಂದರೆ ಆ ಏಣಿ ಗೋಡೆಯೋ ನೆಲವೋ ತಿಳಿಯುವುದಿಲ್ಲ. ದೇಹಗಳು ಮನೆಗೆ ಬರದಿರುವುದಕ್ಕೆ ಇದೇ ಕಾರಣ.

ಕಲ್ಲಿನ ಕೆಲಸಕ್ಕೆ ಮೊದಲು ಕಾಗದದ ಕೆಲಸ. ಇದನ್ನು ಅವಸರದಲ್ಲಿ ಮಾಡಿದರೆ ಆಮೇಲೆ ತಿದ್ದಲು ಬರುವುದಿಲ್ಲ. ಕಾಗದ ಹರಿದರೆ ಹೊಸದು ಬರೆಯಬಹುದು, ಗ್ರಾನೈಟ್‌ನಲ್ಲಿ ಬಿದ್ದ ತಪ್ಪು ಇಡೀ ಕಲ್ಲನ್ನೇ ಹಾಳು ಮಾಡುತ್ತದೆ.

ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರ ಇರುವುದರಿಂದ ಸೈನ್ಯದ ಯಾವ ಕೆಲಸಕ್ಕೂ ಜನ ಅಲ್ಲಿಗೇ ಓಡುತ್ತಾರೆ. ಅದು ಭೂಸೇನೆ, ನಾವಿಕರ ದಾಖಲೆ ಅಲ್ಲಿ ಇರುವುದಿಲ್ಲ. ನೌಕಾಪಡೆಯ ಅಧಿಕಾರಿ ದರ್ಜೆಗಿಂತ ಕೆಳಗಿನ ಎಲ್ಲರ ಸೇವಾ ದಾಖಲೆ ಮುಂಬಯಿಯ ಮಾನ್‌ಖುರ್ದ್, ಚೀತಾ ಕ್ಯಾಂಪಿನ ಬ್ಯೂರೋ ಆಫ್ ಸೇಲರ್ಸ್‌ನಲ್ಲಿರುತ್ತದೆ. ಅರ್ಜಿಯನ್ನು ಹತ್ತಿರದ ಸಂಬಂಧಿಕರ ಸಹಿಯೊಂದಿಗೆ, ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಕಳಿಸಿದರೆ ಉತ್ತರ ಬೇಗ ಬರುತ್ತದೆ. ಊರ ಸಮಿತಿಯ ಲೆಟರ್‌ಹೆಡ್ ಒಂದೇ ಹೋದರೆ ‘ನೀವು ಯಾರು’ ಎಂಬ ಪ್ರಶ್ನೆ ತಿರುಗಿ ಬರುತ್ತದೆ, ಅದು ನ್ಯಾಯವೂ ಹೌದು.

ಅರ್ಜಿಗೆ ಮುಖ್ಯವಾಗಿ ಬೇಕಾಗುವುದು ಅವನ ಸೇವಾ ಸಂಖ್ಯೆ. ಮನೆಯಲ್ಲಿ ಹಳೆಯ ಟ್ರಂಕು ತೆಗೆದರೆ ತಂತಿ (ಟೆಲಿಗ್ರಾಂ), ಪಿಂಚಣಿ ಆದೇಶ, ಪತ್ರದ ಮೇಲಿನ ವಿಳಾಸ ಸಿಗಬಹುದು. ಯಾವ ಕಾಗದವೂ ಉಳಿದಿಲ್ಲವೆಂದರೆ ಪದಕ ನೋಡಿ. 1971ರ ನಂತರ ಕೊಟ್ಟ ಸಂಗ್ರಾಮ ಪದಕದ ಅಂಚಿನ ದಪ್ಪದಲ್ಲಿ ಸಂಖ್ಯೆ, ಹುದ್ದೆ, ಹೆಸರು ಸಣ್ಣ ಅಕ್ಷರದಲ್ಲಿ ಕೊರೆದಿರುತ್ತದೆ. ಅಂಚಿನ ಸುತ್ತ ತೆಳುವಾದ ಕಾಗದ ಸುತ್ತಿ ಪೆನ್ಸಿಲ್ ಉಜ್ಜಿದರೆ ಅಕ್ಷರ ಎದ್ದು ಬರುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಿ ಹೊಳಪು ಮಾಡಬೇಡಿ. ಐವತ್ತು ವರ್ಷದ ದೀಪಾವಳಿ ತಿಕ್ಕಾಟದಲ್ಲಿ ಸಂಖ್ಯೆಯೇ ಸವೆದುಹೋದ ಪದಕಗಳಿವೆ.

ಊರು ಮತ್ತು ಜಿಲ್ಲೆಯ ಹೆಸರಿನಲ್ಲಿ ನಮ್ಮ ಕಡೆಯವರಿಗೆ ಒಂದು ವಿಶೇಷ ತೊಡಕು. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. 1971ರ ದಾಖಲೆಯಲ್ಲಿ ಬಾದಾಮಿಯವನೂ ಜಮಖಂಡಿಯವನೂ ‘ಬಿಜಾಪುರ ಜಿಲ್ಲೆ, ಮೈಸೂರು ರಾಜ್ಯ’. ಕರ್ನಾಟಕ ಎಂಬ ಹೆಸರು ಬಂದದ್ದೇ 1973ರ ನವೆಂಬರಿನಲ್ಲಿ. 1956ಕ್ಕೆ ಮೊದಲು ಸೇರಿದವನಾದರೆ ರಾಜ್ಯ ಮುಂಬಯಿ. ಎರಡನೇ ಮಹಾಯುದ್ಧದ ಕಾಲದವನಾದರೆ ಜಮಖಂಡಿ, ಮುಧೋಳ, ರಾಮದುರ್ಗ ಇವೆಲ್ಲ ಬೇರೆ ಬೇರೆ ಸಂಸ್ಥಾನಗಳು, ದಾಖಲೆಯಲ್ಲಿ ಸಂಸ್ಥಾನದ ಹೆಸರೇ ಇರುತ್ತದೆ. ‘ಬಾಗಲಕೋಟೆ ಜಿಲ್ಲೆ’ ಎಂದು ಹುಡುಕಿ ಸಿಗಲಿಲ್ಲ ಎಂದು ಕೈಬಿಡುವುದಕ್ಕೆ ಮುಂಚೆ ಇದನ್ನು ನೆನಪಿಡಿ. ಹೆಸರಿನದೂ ಅದೇ ಕಥೆ. ಯಲ್ಲಪ್ಪ ಇಂಗ್ಲಿಷಿನಲ್ಲಿ ಎರಡು ರೀತಿ, ಶಂಕ್ರಪ್ಪ ಮೂರು ರೀತಿ. ಅಡ್ಡಹೆಸರು ಮುಂದೆ ಬಂದಿರಬಹುದು, ತಂದೆಯ ಹೆಸರೇ ಅಡ್ಡಹೆಸರಾಗಿ ಕೂತಿರಬಹುದು.

ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ 2019ರ ಫೆಬ್ರವರಿ 25ರಂದು ಉದ್ಘಾಟನೆಯಾಯಿತು. ಅಲ್ಲಿಯ ತ್ಯಾಗ ಚಕ್ರದ ಗೋಡೆಗಳಲ್ಲಿ ಸ್ವಾತಂತ್ರ್ಯಾನಂತರ ಮಡಿದವರದು ಒಬ್ಬೊಬ್ಬರ ಹೆಸರಿಗೆ ಒಂದೊಂದು ಗ್ರಾನೈಟ್ ಇಟ್ಟಿಗೆ. ಆ ಪಟ್ಟಿಯಲ್ಲಿ ಹೆಸರು ಹುಡುಕಿ ತೆಗೆದು, ಅಲ್ಲಿರುವ ಹುದ್ದೆ ಮತ್ತು ಸಂಖ್ಯೆಯನ್ನು ಮನೆಯ ಕಾಗದದ ಜೊತೆ ತಾಳೆ ನೋಡಿ. 1939–45ರ ಯುದ್ಧದವರದು ಬೇರೆ ದಾರಿ. ಸಮುದ್ರವೇ ಸಮಾಧಿಯಾದ ರಾಯಲ್ ಇಂಡಿಯನ್ ನೇವಿಯ 400ಕ್ಕೂ ಹೆಚ್ಚು ನಾವಿಕರು ಮತ್ತು ವ್ಯಾಪಾರಿ ಹಡಗುಗಳ ಸುಮಾರು 6,000 ಜನರ ಹೆಸರುಗಳು ಗೋಡೆಯ ಮೇಲಿಲ್ಲ, ಒಂದು ಪುಸ್ತಕದಲ್ಲಿವೆ. ಅದರ ಒಂದು ಪ್ರತಿ ಮುಂಬಯಿಯಲ್ಲಿ, ಇನ್ನೊಂದು ಚಿತ್ತಗಾಂಗಿನಲ್ಲಿ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಹೆಸರು ಹಾಕಿ ನೋಡಬಹುದು.

ಹುದ್ದೆ ಬರೆಯುವಾಗ ಆಗುವ ತಪ್ಪು ಸಾಮಾನ್ಯ. ನೌಕಾಪಡೆಯಲ್ಲಿ ಸಿಪಾಯಿ ಇಲ್ಲ, ನಾಯಕ್ ಇಲ್ಲ, ಸುಬೇದಾರ್ ಇಲ್ಲ. ಏಬಲ್ ಸೀಮನ್, ಲೀಡಿಂಗ್ ಸೀಮನ್, ಪೆಟ್ಟಿ ಆಫೀಸರ್, ಚೀಫ್ ಪೆಟ್ಟಿ ಆಫೀಸರ್ ಇವೆ. ಎಂಜಿನ್ ಕೋಣೆಯವನು, ಅಡುಗೆಯವನು, ರೇಡಿಯೋದವನು ಎಲ್ಲರಿಗೂ ತಮ್ಮ ಶಾಖೆಯ ಹೆಸರಿರುತ್ತದೆ. ದಾಖಲೆಯಲ್ಲಿ ಇದ್ದಂತೆಯೇ ಕನ್ನಡ ಲಿಪಿಯಲ್ಲಿ ಬರೆಯಿರಿ, ಅನುವಾದ ಬೇಡ. ‘ಸಮರ್ಥ ನಾವಿಕ’ ಎಂದು ಬರೆದರೆ ಅದು ಹೊಗಳಿಕೆಯೋ ಹುದ್ದೆಯೋ ಯಾರಿಗೂ ತಿಳಿಯದು. ಅಡುಗೆಯವನಾಗಿದ್ದರೆ ಅದನ್ನು ಮುಚ್ಚಿಡುವ ಚಾಳಿಯೂ ಇದೆ. ಯಾಕೆ ಮುಚ್ಚಿಡಬೇಕು? ಟಾರ್ಪಿಡೊ ಹುದ್ದೆ ಕೇಳಿ ಬರಲಿಲ್ಲ. ತಾರೀಖಿನ ವಿಷಯದಲ್ಲೂ ಜಾಗ್ರತೆ. ‘ನಾಪತ್ತೆ, ಮೃತನೆಂದು ಭಾವಿಸಲಾಗಿದೆ’ ಎಂಬ ಕಾಗದಕ್ಕೆ ತನ್ನದೇ ತಾರೀಖು ಇರುತ್ತದೆ. ಕಲ್ಲಿನ ಮೇಲೆ ಬರಬೇಕಾದದ್ದು ಹಡಗು ಮುಳುಗಿದ ದಿನ, ಗುಮಾಸ್ತ ಸಹಿ ಹಾಕಿದ ದಿನವಲ್ಲ.

ಬರಹ ಇಷ್ಟು ಸಾಕು: ಹೆಸರು, ತಂದೆಯ ಹೆಸರು, ಅಡ್ಡಹೆಸರು. ಹುದ್ದೆ, ಸಂಖ್ಯೆ, ಭಾರತೀಯ ನೌಕಾಪಡೆ. ‘ಈ ಊರಿನವರು’. ‘ಐಎನ್‌ಎಸ್ ಖುಕ್ರಿ ಹಡಗಿನೊಂದಿಗೆ ಅರಬ್ಬಿ ಸಮುದ್ರದಲ್ಲಿ, ದಿಯು ತೀರದಿಂದ 40 ನಾಟಿಕಲ್ ಮೈಲು, 9 ಡಿಸೆಂಬರ್ 1971’. ಹುಟ್ಟಿದ ವರ್ಷ ಖಚಿತವಿದ್ದರೆ ಹಾಕಿ. ಶಾಲೆಯಲ್ಲಿ ಮೇಷ್ಟ್ರು ಕೊಟ್ಟ ಜೂನ್ 1 ಆಗಿದ್ದರೆ ಬಿಟ್ಟುಬಿಡಿ.

ಈಗ ಕಲ್ಲು. ಬಾಗಲಕೋಟೆ, ವಿಜಯಪುರ, ಬೆಳಗಾವಿ ಈ ನಮ್ಮ ಮೂರು ಜಿಲ್ಲೆಗೆ ಸಲೀಸಾಗಿ ಸಿಗುವವು ಬಾದಾಮಿ–ಗುಳೇದಗುಡ್ಡ ಕಡೆಯ ಮರಳುಗಲ್ಲು, ಇಳಕಲ್ಲಿನ ಕೆಂಪು ಗ್ರಾನೈಟ್, ಹೊರಗಿನಿಂದ ಬರುವ ಕಪ್ಪು ಗ್ರಾನೈಟ್. ಪರ್ಸಿ ಕಲ್ಲು ನೆಲಕ್ಕೆ ಸರಿ, ನಿಲ್ಲಿಸಲು ಬೇಡ, ಪದರು ಬಿಡುತ್ತದೆ. ಮರಳುಗಲ್ಲು ನೋಡಲು ಚೆಂದ, ಉಳಿಗೂ ಮೆತ್ತಗೆ. ಆದರೆ ಅದು ಗಣಿಯಲ್ಲಿ ಅಡ್ಡಡ್ಡ ಪದರಾಗಿ ಮಲಗಿದ್ದ ಕಲ್ಲು. ಆ ಪದರು ಓದುವ ಮುಖಕ್ಕೆ ಸಮಾನವಾಗಿ ಎದ್ದು ನಿಂತಿತೆಂದರೆ ಕೆಲವು ಮಳೆಗಾಲದಲ್ಲಿ ಮುಖವೇ ಹಪ್ಪಳದ ಹಾಗೆ ಕಳಚುತ್ತದೆ, ಹೆಸರಿನ ಸಮೇತ. ತೆಗೆದುಕೊಳ್ಳುವ ಮುನ್ನ ಅಂಚಿಗೆ ನೀರು ಚಿಮುಕಿಸಿ ಗೆರೆಗಳನ್ನು ನೋಡಿ. ಇಳಕಲ್ಲಿನ ಕೆಂಪು ಗ್ರಾನೈಟ್ ಗಟ್ಟಿ, ಹತ್ತಿರ, ಸಾಗಣೆ ಖರ್ಚು ಕಡಿಮೆ. ಅದರ ಕೊರತೆ ಒಂದೇ: ಪಾಲಿಶ್ ಮಾಡಿದ ಮೈಗೂ ಕೊರೆದ ಅಕ್ಷರಕ್ಕೂ ಬಣ್ಣದ ವ್ಯತ್ಯಾಸ ಸಾಲದು. ಹಾಗಾಗಿ ಬಂಗಾರದ ಬಣ್ಣ ತುಂಬುತ್ತಾರೆ, ಎರಡು ಮೂರು ಬೇಸಿಗೆಗೆ ಅದು ಉದುರುತ್ತದೆ. ಕಪ್ಪು ಗ್ರಾನೈಟಿನಲ್ಲಿ ಕೊರೆದ ಭಾಗ ತಾನಾಗಿಯೇ ಬೂದುಬಿಳಿಯಾಗಿ ಕಾಣುತ್ತದೆ, ಬಣ್ಣವೇ ಬೇಡ. ಬರಹಕ್ಕೆ ಕಪ್ಪು, ಕಟ್ಟೆಗೆ ಇಳಕಲ್ಲಿನ ಕೆಂಪು ಎಂದರೆ ಎರಡೂ ಸಾಧಿಸುತ್ತದೆ.

ಅಳತೆ: 6 ಅಡಿ ಎತ್ತರ, 2 ಅಡಿ ಅಗಲ, 6 ಇಂಚು ದಪ್ಪ. ಇದರಲ್ಲಿ ಒಂದೂವರೆ ಅಡಿ ಕಟ್ಟೆಯ ಒಳಗೆ ಇಳಿಯುತ್ತದೆ. ಗ್ರಾನೈಟ್ ಒಂದು ಘನ ಅಡಿಗೆ ಸುಮಾರು 75 ಕೆ.ಜಿ., ಹಾಗಾಗಿ ಈ ಕಲ್ಲು 450 ಕೆ.ಜಿ. ಎಂಟು ಜನ ಹಿಡಿದು ಎತ್ತುವ ವಸ್ತುವಲ್ಲ ಇದು. ಒಂದು ಟನ್ನಿನ ಚೈನ್ ಪುಲಿ, ಮೂರು ಕಾಲಿನ ಕಬ್ಬಿಣದ ಕಂಬ ಬೇಕು. ಸರಪಳಿಯನ್ನು ನೇರವಾಗಿ ಕಲ್ಲಿಗೆ ಸುತ್ತಿದರೆ ಅಂಚು ಚಕ್ಕೆ ಏಳುತ್ತದೆ. ಹಳೆಯ ಟೈರಿನ ತುಂಡು, ಗೋಣಿಚೀಲ ಮಧ್ಯೆ ಕೊಡಿ.

ಅಕ್ಷರದ ಲೆಕ್ಕ ಹಾಕದೆ ಬರಹ ಕಳಿಸುವವರೇ ಹೆಚ್ಚು. ಎರಡು ಅಡಿ ಅಗಲದಲ್ಲಿ ಎರಡೂ ಬದಿ 3 ಇಂಚು ಬಿಟ್ಟರೆ ಉಳಿಯುವುದು 18 ಇಂಚು. ಒಂದು ಇಂಚಿನ ಅಕ್ಷರವಾದರೆ ಸಾಲಿಗೆ ಹದಿನೈದು ಅಕ್ಷರ. ಹೆಸರನ್ನು ಎರಡು ಇಂಚಿಗೆ ಮಾಡಿದರೆ ಏಳೆಂಟು. ‘ಬಸಲಿಂಗಪ್ಪ’ ಐದೇ ಅಕ್ಷರ, ಸುಖವಾಗಿ ಕೂರುತ್ತದೆ. ಕನ್ನಡಕ್ಕೆ ಸಾಲಿನ ನಡುವಿನ ಜಾಗ ಇಂಗ್ಲಿಷಿಗಿಂತ ಹೆಚ್ಚು ಬೇಕು, ಒತ್ತಕ್ಷರ ಕೆಳಗಿಳಿಯುತ್ತದಲ್ಲ. ಒಂದು ಇಂಚಿನ ಅಕ್ಷರಕ್ಕೆ ಸಾಲಿಂದ ಸಾಲಿಗೆ ಎರಡು ಇಂಚು ಕೊಡಿ. ಒಂದು ಇಂಚಿಗಿಂತ ಚಿಕ್ಕ ಅಕ್ಷರ ಮಾಡಿಸಿದರೆ ‘ಖುಕ್ರಿ’ಯ ಕ್ರಾವತ್ತು ಗೀರಾಗಿ ಉಳಿಯುತ್ತದೆ. ಕೆಳಗಿನ ಒಂದು ಅಡಿ ಖಾಲಿ ಇರಲಿ. ಮಳೆಹನಿ ನೆಲಕ್ಕೆ ಬಡಿದು ಸಿಡಿಯುವ ಕೆಸರು ಅಷ್ಟೆತ್ತರ ಏರುತ್ತದೆ.

ಕೊರೆಯುವುದು ಈಗ ಹೆಚ್ಚಾಗಿ ಮರಳು ಸಿಡಿಸಿ. ಕಲ್ಲಿಗೆ ರಬ್ಬರ್ ಹಾಳೆ ಅಂಟಿಸಿ, ಅಕ್ಷರದ ಜಾಗ ಕತ್ತರಿಸಿ ತೆಗೆದು, ಅಲ್ಲಿಗೆ ಒತ್ತಡದಲ್ಲಿ ಮರಳು ಹೊಡೆಯುತ್ತಾರೆ. ಎರಡು ಮೂರು ಮಿಲಿಮೀಟರ್ ಆಳ ಬಂದರೆ ಸಾಕು. ಕನ್ನಡಕ್ಕೆ ಇಲ್ಲಿ ಎರಡು ಅಪಾಯ. ಒಂದು, ರ, ಠ, 9, ಸೊನ್ನೆ, ಇವುಗಳ ಹೊಟ್ಟೆಯೊಳಗಿನ ರಬ್ಬರ್ ತುಣುಕು ಒಂಟಿಯಾಗಿ ನಿಂತಿರುತ್ತದೆ. ಅಂಟು ಬಿಟ್ಟು ಹಾರಿತೆಂದರೆ ಅಕ್ಷರ ಕುರುಡಾಗುತ್ತದೆ, ‘9 ಡಿಸೆಂಬರ್’ನ 9ಕ್ಕೆ ತಲೆ ತುಂಬಾ ಗುಳಿ. ಎರಡು, ಮಹಾಪ್ರಾಣದ ಹೊಟ್ಟೆ ಸೀಳು. ಆ ಕೂದಲೆಳೆಯಷ್ಟು ರಬ್ಬರನ್ನು ಕೀಳಲು ಮರೆತರೆ ‘ಯೋಧ’ ಹೋಗಿ ‘ಯೋದ’ ಆಗುತ್ತದೆ. ಜಿಲ್ಲೆಯಲ್ಲಿ ಎಷ್ಟು ಕಲ್ಲುಗಳಲ್ಲಿ ‘ಯೋದ’ ಇದೆ ಎಂದು ಲೆಕ್ಕ ಹಾಕುವುದು ಬೇಡ, ಬೇಸರವಾಗುತ್ತದೆ. ಮರಳು ಹೊಡೆಯುವ ಮುಂಚೆ, ರಬ್ಬರ್ ಕತ್ತರಿಸಿದ ಹಂತದಲ್ಲಿ ಹೋಗಿ ನಿಂತು ಪ್ರತಿ ಅಕ್ಷರ ಓದಿ. ಮೊಬೈಲಿನ ಫೋಟೋದಲ್ಲಿ ನೋಡಿ ‘ಓಕೆ’ ಎನ್ನಬೇಡಿ. ಬರಹವನ್ನು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಕಡತವಾಗಿ ಕಳಿಸಿದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹುಚ್ಚು ಅಕ್ಷರ ಬರುತ್ತದೆ. ಅವರು ಮತ್ತೆ ಟೈಪ್ ಮಾಡುತ್ತಾರೆ, ತಪ್ಪು ಹುಟ್ಟುವುದೇ ಅಲ್ಲಿ. ಕೋರಲ್‌ನಲ್ಲಿ ಅಕ್ಷರಗಳನ್ನು ಕರ್ವ್ ಮಾಡಿಸಿ, ಅಂದರೆ ಗೆರೆಚಿತ್ರವಾಗಿ ಬದಲಿಸಿ ಕೊಡಿ, ಯಾವ ಯಂತ್ರದಲ್ಲೂ ಅದು ಅಲುಗುವುದಿಲ್ಲ.

ಮೇಲಿನ ಚಿತ್ರಕ್ಕೆ ಲಂಗರು ಒಂದೇ ಸಾಕು, ಸುತ್ತ ಒಂದು ಹಗ್ಗ. ನೌಕಾಪಡೆಯ ಲಾಂಛನವನ್ನೇ ಕೆತ್ತಿಸಬೇಕೆಂದು ಹುಡುಗರು ಹಟ ಹಿಡಿಯುತ್ತಾರೆ. ಅದರ ಮೇಲ್ಭಾಗದಲ್ಲಿ ಅಶೋಕನ ಸಿಂಹ ಇದೆ, ರಾಷ್ಟ್ರಲಾಂಛನವನ್ನು ಖಾಸಗಿಯಾಗಿ ಬಳಸುವುದನ್ನು 2005ರ ಕಾಯ್ದೆ ತಡೆಯುತ್ತದೆ. ನೌಕಾ ಧ್ವಜವೂ ಬೇಡ. 1971ರಲ್ಲಿ ಹಡಗಿನ ಮೇಲಿದ್ದುದು ಕೆಂಪು ಶಿಲುಬೆಯ ಬಿಳಿ ಧ್ವಜ, 2022ರ ಸೆಪ್ಟೆಂಬರಿನಲ್ಲಿ ಶಿವಾಜಿ ಮಹಾರಾಜರ ಮುದ್ರೆಯ ಮಾದರಿಯ ಹೊಸ ಧ್ವಜ ಬಂತು. ಹಳೆಯದನ್ನು ಹಾಕಿದರೆ ಇಂದಿನವರು ಜಗಳ ತೆಗೆಯುತ್ತಾರೆ, ಹೊಸದನ್ನು ಹಾಕಿದರೆ ಅವನು ಕಂಡೇ ಇಲ್ಲದ ಧ್ವಜ. ಲಂಗರಿಗೆ ಯಾರ ತಕರಾರೂ ಇಲ್ಲ. ಆದರೆ ಶಿಲ್ಪಿಗೆ ಚಿತ್ರ ಕೊಟ್ಟೇ ಕೆಲಸ ಹೇಳಿ: ಮೇಲೆ ಉಂಗುರ, ಅದರ ಕೆಳಗೆ ಅಡ್ಡಪಟ್ಟಿ, ನೆಟ್ಟಗಿನ ಕಂಬ, ಕೆಳಗೆ ಬಿಲ್ಲಿನಂತೆ ಮೇಲಕ್ಕೆ ಬಾಗಿದ ಎರಡು ತೋಳು, ತೋಳಿನ ತುದಿಗೆ ಎಲೆಯಾಕಾರದ ಮೊನೆ. ತ್ರಿಶೂಲ ಕೆತ್ತಿ ಪಳಗಿದ ಕೈ ಲಂಗರನ್ನೂ ಮುಮ್ಮೊನೆ ಮಾಡಿಬಿಡುತ್ತದೆ. ಬಯಲುಸೀಮೆಯ ಊರಿಗೆ ಲಂಗರು ಯಾಕೆ ಎನ್ನುವವರಿಗೆ ಐಹೊಳೆಯ ಮೇಗುತಿ ಗುಡಿ ತೋರಿಸಿ. ಅಲ್ಲಿಯ ಗೋಡೆಯಲ್ಲಿ ಕ್ರಿ.ಶ. 634ರಲ್ಲಿ ರವಿಕೀರ್ತಿ ಬರೆದಿದ್ದಾನೆ, ಪುಲಕೇಶಿ ಮದಗಜಗಳ ಹಿಂಡಿನಂಥ ನೂರಾರು ಹಡಗುಗಳೊಂದಿಗೆ ಪಡುಗಡಲ ಲಕ್ಷ್ಮಿಯಾದ ಪುರಿಯನ್ನು ಮುತ್ತಿದನೆಂದು.

ಹಡಗಿನ ಚಿತ್ರ ಹಾಕಲೇಬೇಕೆಂದರೆ ಯಾವ ಖುಕ್ರಿ ಎಂದು ನೋಡಿ. ಹಡಗಿನ ಮೈಮೇಲೆ 149 ಇದ್ದರೆ ಅದು ಮುಳುಗಿದ ಫ್ರಿಗೇಟ್. 49 ಇದ್ದರೆ ಅದೇ ಹೆಸರಿನಲ್ಲಿ 1989ರಲ್ಲಿ ಸೇವೆಗೆ ಬಂದ ಕಾರ್ವೆಟ್, 2021ರ ಡಿಸೆಂಬರಿನಲ್ಲಿ ನಿವೃತ್ತಿಯಾಗಿ ಈಗ ದಿಯುವಿನಲ್ಲಿ ನೋಡಲು ಇಟ್ಟಿದ್ದಾರೆ. ಅಂತರಜಾಲದಲ್ಲಿ ಮೊದಲು ಸಿಗುವುದು ಈ ಎರಡನೆಯದೇ, ಡಿಸೆಂಬರಿನ ಬ್ಯಾನರ್‌ಗಳಲ್ಲಿ ಬರುವುದೂ ಇದೇ.

ಜಾಗದ ವಿಷಯ ಚಿಕ್ಕದಾಗಿ: ರಸ್ತೆ ಬದಿ ಬೇಡ. ಸಾರ್ವಜನಿಕ ರಸ್ತೆ, ಪಾದಚಾರಿ ದಾರಿಗಳಲ್ಲಿ ಪ್ರತಿಮೆ ಮತ್ತು ಕಟ್ಟಡಗಳಿಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ರಸ್ತೆ ಅಗಲವಾಗುವ ದಿನ ಮೊದಲು ಏಳುವುದೂ ಇಂಥ ಕಲ್ಲೇ. ಗ್ರಾಮ ಪಂಚಾಯಿತಿಯ ಜಾಗವಾದರೆ ಸರ್ವೆ ನಂಬರ್ ಸಮೇತ ಠರಾವು ಮಾಡಿಸಿ ನಕಲು ಇಟ್ಟುಕೊಳ್ಳಿ. ಕೃಷ್ಣೆ, ಘಟಪ್ರಭೆಯ ದಂಡೆಯವರು ಆಲಮಟ್ಟಿ ಹಿನ್ನೀರಿನ ಮಟ್ಟ ನೋಡಿ. ಈಗ 519.60 ಮೀಟರ್, ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಒಪ್ಪಿರುವುದು 524.256 ಮೀಟರ್. ನೀರಲ್ಲಿ ಹೋದವನ ಕಲ್ಲನ್ನು ಮತ್ತೆ ನೀರಿಗೆ ಕೊಡುವುದು ಬೇಡ.

ಇನ್ನು ಬುನಾದಿ. ನಿಜವಾದ ಶತ್ರು ಇರುವುದೇ ಇಲ್ಲಿ: ನಮ್ಮ ಎರಿ ಮಣ್ಣು, ಅಂದರೆ ಕಪ್ಪು ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ನೌಕಾಪಡೆಯ ಕಲ್ಲುಗಳಿಗೆ ಒಂದು ಹೆಚ್ಚಿನ ಕಷ್ಟ ಏನೆಂದರೆ ತಾರೀಖು. ಡಿಸೆಂಬರ್ 4 ನೌಕಾದಿನ, 9 ಖುಕ್ರಿಯ ದಿನ. ಎಲ್ಲರೂ ದೀಪಾವಳಿ ಮುಗಿಸಿ ನವೆಂಬರಿನಲ್ಲಿ ಗುಂಡಿ ತೋಡುತ್ತಾರೆ. ಆಗ ಹಿಂಗಾರಿ ಮಳೆ ಕುಡಿದ ಮಣ್ಣು ಪೂರ್ತಿ ಉಬ್ಬಿರುತ್ತದೆ. ಡಿಸೆಂಬರಿನ ಫೋಟೋದಲ್ಲಿ ಕಲ್ಲು ನೆಟ್ಟಗೆ. ಏಪ್ರಿಲ್‌ನಲ್ಲಿ ಬಿಸಿಲು ಹೆಚ್ಚು ಬೀಳುವ ಬದಿ ಮೊದಲು ಒಣಗಿ ಕುಗ್ಗುತ್ತದೆ, 450 ಕೆ.ಜಿ. ಆ ಕಡೆಗೆ ವಾಲುತ್ತದೆ. ಬುನಾದಿಯನ್ನು ಹಿಂದಿನ ಬೇಸಿಗೆಯಲ್ಲೇ ಮುಗಿಸಿ, ಒಂದು ಮಳೆಗಾಲ ಕಾಣಲು ಬಿಟ್ಟು, ಆಮೇಲೆ ಕಲ್ಲು ನಿಲ್ಲಿಸಿ.

ಗುಂಡಿ 5 ಅಡಿ ಉದ್ದ, 4 ಅಡಿ ಅಗಲ, 5 ಅಡಿ ಆಳ. ಅಷ್ಟರೊಳಗೆ ಗರಸು (ಗಟ್ಟಿ ಜಲ್ಲಿಮಣ್ಣು) ಹತ್ತಿದರೆ ಅಲ್ಲಿಗೇ ನಿಲ್ಲಿಸಿ, ಅದೃಷ್ಟ. ಇಂಡಿ, ಸಿಂದಗಿ, ಡೋಣಿ ನದಿ ಸಾಲಿನ ಊರುಗಳಲ್ಲಿ ಹತ್ತುವುದಿಲ್ಲ, ಎರಿ ಇನ್ನೂ ಆಳಕ್ಕೆ ಇರುತ್ತದೆ. ತೆಗೆದ ಎರಿ ಮಣ್ಣನ್ನು ತಿರುಗಿ ಹಾಕಲೇಬೇಡಿ, ಹೊಲಕ್ಕೆ ಒಯ್ಯಿರಿ. ಗುಂಡಿಯ ಲೆಕ್ಕ ನೂರು ಘನ ಅಡಿ, ಅಂದರೆ ಒಂದು ಬ್ರಾಸ್. ಕಾಂಕ್ರೀಟ್ ಕೂರುವ ಜಾಗ ಕಳೆದು, ಕುಟ್ಟಿದಾಗ ಇಳಿಯುವುದನ್ನು ಕೂಡಿಸಿದರೆ ತರಿಸಬೇಕಾದ ಗರಸೂ ಮತ್ತೆ ಒಂದು ಬ್ರಾಸೇ. ಅದನ್ನು ಆರಾರು ಇಂಚಿನ ಪದರಾಗಿ ಹಾಕಿ, ನೀರು ಚಿಮುಕಿಸಿ, ದಿಮ್ಮಸಿನಿಂದ ಕುಟ್ಟಬೇಕು. ಟ್ರ್ಯಾಕ್ಟರ್ ಒಮ್ಮೆಲೇ ಸುರುವಿ ಮೇಲೆ ಒಂದು ಸಲ ಕುಟ್ಟಿದರೆ ಕೆಳಗಿನದು ಸಡಿಲೇ ಉಳಿಯುತ್ತದೆ. ಬರೀ ಕಡಿಯಂಥ (ಜಲ್ಲಿಯಂಥ) ಗರಸು ತರಿಸಬೇಡಿ. ಸುತ್ತ ಎರಿ, ನಡುವೆ ನೀರಿಳಿಯುವ ಕಡಿ ಎಂದರೆ ಅದು ಬಾವಿ, ಮಳೆನೀರೆಲ್ಲ ಅಲ್ಲೇ ನಿಂತು ಸುತ್ತಲ ಮಣ್ಣನ್ನು ನೆನೆಸುತ್ತದೆ.

ಗರಸಿನ ಮೇಲೆ 4 ಇಂಚು ಹಾಸು ಕಾಂಕ್ರೀಟ್, ಸಿಮೆಂಟ್–ಉಸುಕು–ಕಡಿ 1:4:8. ಅದರ ಮೇಲೆ 4 ಅಡಿ ಉದ್ದ, ಎರಡೂವರೆ ಅಡಿ ಅಗಲ, 2 ಅಡಿ ದಪ್ಪದ ಕಟ್ಟೆ, 1:2:4. ಹಾಸು ಕಾಂಕ್ರೀಟಿಗೆ ಒಂದು ಚೀಲ ಸಿಮೆಂಟ್, ಕಟ್ಟೆಗೆ ನಾಲ್ಕು. ಕಟ್ಟೆಯ ನಡುವೆ 27 ಇಂಚು ಉದ್ದ, 9 ಇಂಚು ಅಗಲ, 18 ಇಂಚು ಆಳದ ಗೂಡು ಬಿಡಿ. ಕಲ್ಲಿನ ಸುತ್ತ ಒಂದೂವರೆ ಇಂಚು ಜಾಗ ಸಿಗುತ್ತದೆ. ಕಟ್ಟೆಯ ಮೇಲ್ಮೈ ನೆಲದಿಂದ 6 ಇಂಚು ಎತ್ತರ ಇರಲಿ. ಗೋಣಿಚೀಲ ಹೊದಿಸಿ ಕನಿಷ್ಠ ಏಳು ದಿನ ನೀರುಣಿಸಿ. ಗೌಂಡಿ ಮೂರು ದಿನ ಸಾಕು ಎನ್ನುತ್ತಾನೆ, ಕೇಳಬೇಡಿ. ಕಲ್ಲನ್ನು ಗೂಡಿಗೆ ಇಳಿಸಿ, ಎರಡು ಮುಖಕ್ಕೆ ತೂಗುಗುಂಡು ಹಿಡಿದು, ಕಲ್ಲಿನ ಚಕ್ಕೆಗಳಿಂದಲೇ ಬಿಗಿ ಮಾಡಿ. ಕಟ್ಟಿಗೆಯ ಬೆಣೆ ಹಾಕಿದರೆ ನೆನೆದು ಉಬ್ಬುತ್ತದೆ, ಆಮೇಲೆ ಕೊಳೆತು ಸಂದು ಬಿಡುತ್ತದೆ. ಸುತ್ತಲ ಸಂದಿಗೆ ತೆಳುವಾದ 1:3 ಗಾರೆ ಸುರಿದು, ಮೇಲೆ ನೀರು ಹೊರಕ್ಕೆ ಇಳಿಯುವ ಹಾಗೆ ಇಳಿಜಾರು ಕೊಡಿ. ಕಲ್ಲಿನೊಳಗೆ ಕಬ್ಬಿಣದ ಸರಳು ಕೂರಿಸುವ ಆಲೋಚನೆ ಬೇಡ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಗ್ರಾನೈಟನ್ನೂ ಸೀಳುತ್ತದೆ. ಕಟ್ಟೆಯ ಸುತ್ತ 3 ಅಡಿ ಪರ್ಸಿ ಹಾಸು, ಸಂದು ಮುಚ್ಚಿ, ಹೊರಕ್ಕೆ ಇಳಿಜಾರು. ಬುನಾದಿಯ ಹತ್ತಿರ ಮಳೆನೀರು ಇಂಗದಂತೆ ಕಾಯುವುದು ಈ ಹಾಸು, ಅಂದಕ್ಕಲ್ಲ. ಉದ್ಘಾಟನೆಯ ದಿನ ಗಣ್ಯರ ಕೈಯಿಂದ ಪಕ್ಕದಲ್ಲೇ ಬೇವಿನ ಸಸಿ ನೆಡಿಸುವ ಪದ್ಧತಿ ಇದೆ. ದೊಡ್ಡದಾದ ಮೇಲೆ ಅದು ಬೇಸಿಗೆಯಲ್ಲಿ ಎರಿಯ ಪಸೆ ಹೀರಿ ಒಂದೇ ಬದಿ ಕುಗ್ಗಿಸುತ್ತದೆ. ಮರ ಎಷ್ಟೆತ್ತರ ಬೆಳೆಯುತ್ತದೋ ಅಷ್ಟು ದೂರ ನೆಡಲಿ.

ಯಾವ ಕಡೆ ಮುಖ ಮಾಡಬೇಕು? ಪೂರ್ವಕ್ಕೆ ಎನ್ನುವುದು ರೂಢಿ. ಖುಕ್ರಿಯವನಿಗಾದರೆ ವಾಯವ್ಯ ಮಾಡಿ. ಬಾಗಲಕೋಟೆಯಿಂದ ದಿಯು ಹೆಚ್ಚುಕಡಿಮೆ ನೇರ ವಾಯವ್ಯಕ್ಕಿದೆ, ಸುಮಾರು 700 ಕಿಲೋಮೀಟರ್. ಇದರಲ್ಲಿ ಇನ್ನೊಂದು ಲಾಭ ಇದೆ. ಕೊರೆದ ಅಕ್ಷರ ಎದುರು ಬಿಸಿಲಲ್ಲಿ ಮಂಕು, ಓರೆ ಬಿಸಿಲಲ್ಲಿ ಎದ್ದು ಕಾಣುತ್ತದೆ. ಡಿಸೆಂಬರ್ ಎರಡನೇ ವಾರ ಸೂರ್ಯ ಮುಳುಗುವುದು ಪಶ್ಚಿಮಕ್ಕಲ್ಲ, ನೈಋತ್ಯಕ್ಕೆ ಸರಿದು. ವಾಯವ್ಯ ಮುಖದ ಮೇಲೆ ಮಧ್ಯಾಹ್ನ ಮೂರರ ತನಕ ನೆರಳು, ಆಮೇಲೆ ಬಿಸಿಲು ಪಕ್ಕದಿಂದ ಸವರಿಕೊಂಡು ಬರುತ್ತದೆ, ಮುಳುಗುವ ತನಕ ಒಂದೊಂದು ಅಕ್ಷರದ ಅಂಚಿಗೂ ನೆರಳು ಬೀಳುತ್ತದೆ. ಕಾರ್ಯಕ್ರಮವನ್ನು ಬೆಳಿಗ್ಗೆ ಹತ್ತಕ್ಕೆ ಬದಲು ಸಂಜೆ ನಾಲ್ಕೂವರೆಗೆ ಇಟ್ಟರೆ ಹಿಂದಿನ ಸಾಲಿನವರಿಗೂ ಹೆಸರು ಓದಲು ಬರುತ್ತದೆ. ದಿಕ್ಕು ನೋಡಲು ಮೊಬೈಲ್ ದಿಕ್ಸೂಚಿ ಸಾಕು, ಚೈನ್ ಪುಲಿಯ ಕಂಬದಿಂದ ದೂರ ನಿಂತು ನೋಡಿ.

ಅನಾವರಣಕ್ಕೆ ಕಲ್ಲಿನ ಮೇಲೆ ರಾಷ್ಟ್ರಧ್ವಜ ಹೊದಿಸಿ ಎಳೆಯಬಾರದು, ಧ್ವಜಸಂಹಿತೆ ಅದನ್ನು ಒಪ್ಪುವುದಿಲ್ಲ. ಧ್ವಜ ಪಕ್ಕದಲ್ಲಿ ಗೌರವದ ಜಾಗದಲ್ಲಿರಲಿ, ಕಲ್ಲಿಗೆ ಒಂದು ಬಿಳಿ ಧೋತರ ಸಾಕು. ನೌಕಾಪಡೆಯ ಪ್ರತಿನಿಧಿ ಬೇಕಿದ್ದರೆ ನಮಗೆ ಹತ್ತಿರದ ದೊಡ್ಡ ನೆಲೆ ಕಾರವಾರದ ಐಎನ್‌ಎಸ್ ಕದಂಬ. ಸೈನಿಕ ಕಲ್ಯಾಣ ಕಚೇರಿಯ ಮೂಲಕ ಮೂರು ತಿಂಗಳು ಮುಂಚೆ ಬರೆಯಿರಿ, ಡಿಸೆಂಬರ್ ಅವರಿಗೂ ಕೆಲಸದ ತಿಂಗಳು. ಉದ್ಘಾಟಕರ, ಅಧ್ಯಕ್ಷರ, ಉಪಾಧ್ಯಕ್ಷರ, ಸದಸ್ಯರ ಹೆಸರಿನ ಒತ್ತಾಯ ಬಂದೇ ಬರುತ್ತದೆ. ಅದಕ್ಕೆ ಕಟ್ಟೆಯ ಹಿಂಬದಿ ಇದೆ, ಅರ್ಧ ಇಂಚಿನ ಅಕ್ಷರ.

ನಿಲ್ಲಿಸಿದ ಮೇಲೆ ಕಲ್ಲು ಪೂಜೆಗೊಳ್ಳುತ್ತದೆ, ತಡೆಯಲಾಗದು, ತಡೆಯಬೇಕಾಗಿಯೂ ಇಲ್ಲ. ಕಾಯಿ ಒಡೆಯಲು ಪಕ್ಕದಲ್ಲಿ ಒಂದು ಗುಂಡುಕಲ್ಲು ಹಾಕಿಡಿ, ಇಲ್ಲವಾದರೆ ಪಾಲಿಶ್ ಅಂಚೇ ಕಾಯಿ ಒಡೆಯುವ ಜಾಗವಾಗುತ್ತದೆ. ಎಣ್ಣೆ ಕಪ್ಪು ಗ್ರಾನೈಟಿನಲ್ಲಿ ಮೋಡದಂಥ ಕಲೆ ಬಿಡುತ್ತದೆ. ಕುಂಕುಮ ಮರಳುಗಲ್ಲಿಗೆ ಇಳಿದರೆ ಹೋಗುವುದಿಲ್ಲ. ತಂತಿ ಕಟ್ಟಿದ ಹಾರವನ್ನು ಅಲ್ಲೇ ಒಣಗಲು ಬಿಟ್ಟರೆ ತುಕ್ಕಿನ ಗೆರೆ ಹೆಸರಿನ ಮೇಲೆ ಇಳಿಯುತ್ತದೆ, ದಾರದ ಹಾರ ಹೇಳಿ. ವರ್ಷಕ್ಕೊಮ್ಮೆ ತೆಂಗಿನ ನಾರು, ಬರೀ ನೀರು. ಆ್ಯಸಿಡ್ ಮುಟ್ಟಿಸಬೇಡಿ, ಸಂದಿನ ಗಾರೆ ತಿನ್ನುತ್ತದೆ. ಅಕ್ಷರ ಮಂಕಾಯಿತೆಂದು ಪೇಂಟರ್ ಕರೆಸಿದರೆ ಒತ್ತಕ್ಷರಗಳೆಲ್ಲ ಬಣ್ಣದಲ್ಲಿ ಮುಚ್ಚಿಹೋಗುತ್ತವೆ.

ಮೊದಲ ಎರಡು ಬೇಸಿಗೆ, ಏಪ್ರಿಲ್ ಕೊನೆಗೆ, ಕಲ್ಲಿನ ತಲೆಯಿಂದ ತೂಗುಗುಂಡು ಇಳಿಬಿಟ್ಟು ಬುಡದ ಹತ್ತಿರ ಅಂತರ ಅಳೆಯಿರಿ, ಗೋಡೆಯ ಮೇಲೋ ಪಂಚಾಯಿತಿ ವಹಿಯಲ್ಲೋ ಬರೆದಿಡಿ. ಅರ್ಧ ಇಂಚಿನೊಳಗಿದ್ದರೆ ಬಿಡಿ. ಹೆಚ್ಚಿದ್ದು, ಮುಂದಿನ ಬೇಸಿಗೆಗೆ ಇನ್ನೂ ಹೆಚ್ಚಾಗಿದ್ದರೆ ಕಲ್ಲನ್ನು ತಳ್ಳಿ ನೆಟ್ಟಗೆ ಮಾಡಲು ಹೋಗಬೇಡಿ, ಗೂಡಿನ ಬಾಯಲ್ಲಿ ಮುರಿಯುತ್ತದೆ. ಪರ್ಸಿ ಹಾಸು ಎಲ್ಲಿ ಬಾಯಿ ಬಿಟ್ಟಿದೆ, ನೀರು ಎಲ್ಲಿಂದ ಇಳಿಯುತ್ತಿದೆ ಎಂದು ಮೊದಲು ಹುಡುಕಿ.